ಕನಾಪೊಲಿಸ್: ಟವೆಲ್ ನೇಯ್ದ ಊರಿನ ಇತಿಹಾಸ

ಸೊಲ್ಲಾಪುರದ ಚಾದರ, ಟವೆಲ್ ಗೊತ್ತಿಲ್ಲದವರು ನಮ್ಮ ಗಡಿಭಾಗದಲ್ಲಿ ಇರಲಾರರು. ಮಗ್ಗದ ಸದ್ದು ಕೇಳುತ್ತಲೇ ಬೆಳೆದ ಮಕ್ಕಳು ನಮ್ಮ ಕನ್ನಡ ಶಾಲೆಗಳಲ್ಲಿದ್ದಾರೆ. ಅವರಿಗೂ ಅವರ ಪಾಲಕರಿಗೂ ಅಮೆರಿಕದ ಒಂದು ಟವೆಲ್ ಊರಿನ ವಿಷಯ ತಿಳಿಸಬೇಕೆನಿಸಿತು. ಆ ಊರಿನ ಹೆಸರು ಕನಾಪೊಲಿಸ್. (ಹಿಗ್ಗಬೇಡಿ, ಕನ್ನಡಕ್ಕೂ ಆ ಹೆಸರಿಗೂ ಸಂಬಂಧವಿಲ್ಲ!)

ಉತ್ತರ ಕ್ಯಾರೊಲಿನಾ ರಾಜ್ಯದಲ್ಲಿ ಜೇಮ್ಸ್ ಕ್ಯಾನನ್ ಎಂಬ ಉದ್ಯಮಿ 1906ರಲ್ಲಿ ಜಮೀನು ಕೊಂಡು ಗಿರಣಿಯನ್ನೂ ಅದರ ಸುತ್ತ ಊರನ್ನೂ ಕಟ್ಟಿಸಿದರು. ಕಾರ್ಮಿಕರ ಮನೆಗಳು ಕಂಪನಿಯವೇ, ಬಾಡಿಗೆಯೂ ಕಡಿಮೆ. 1984ರವರೆಗೆ ಅಲ್ಲಿ ನಗರಸಭೆಯೇ ಇರಲಿಲ್ಲವೆಂದರೆ ನೀವೇ ಊಹಿಸಿ! ಅಪ್ಪ ದುಡಿದ ಗಿರಣಿಗೇ ಮಗ, ಮಗಳು, ಸೊಸೆ ಎಲ್ಲರೂ ಸೇರುತ್ತಿದ್ದರು. ಕಪ್ಪು ಜನರಿಗೆ ಮಾತ್ರ ಯಂತ್ರದ ಮುಂದಿನ ಕೆಲಸಗಳು ಸಿಗತೊಡಗಿದ್ದು 1964ರ ನಾಗರಿಕ ಹಕ್ಕುಗಳ ಕಾಯಿದೆಯ ನಂತರ.

ನಮ್ಮಲ್ಲಿ ಮಧ್ಯಮ ವರ್ಗವೆಂದರೆ ಗುಮಾಸ್ತರು, ಮಾಸ್ತರರು. ಅಲ್ಲಿ ಗಿರಣಿಯವರೂ ತಮ್ಮನ್ನು ಹಾಗೆಯೇ ಎಣಿಸಿಕೊಳ್ಳುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ದುಡಿದರೆ ಕಾರು, ಆರೋಗ್ಯ ವಿಮೆ, ಕೊನೆಗೊಂದು ಸ್ವಂತ ಮನೆ. ಇದಕ್ಕೆ ಹೈಸ್ಕೂಲು ಮುಗಿಸಿರಲೇಬೇಕೆಂದೇನೂ ಇರಲಿಲ್ಲ.

1994ರಲ್ಲಿ ಮೆಕ್ಸಿಕೋ, ಕೆನಡಾ ಜೊತೆಗಿನ ನಾಫ್ಟಾ ಒಪ್ಪಂದ ಜಾರಿಗೆ ಬಂತು. 2001ರ ಕೊನೆಗೆ ಚೀನಾ ವಿಶ್ವ ವ್ಯಾಪಾರ ಸಂಘಟನೆ ಸೇರಿತು. ಅಗ್ಗದ ಕೂಲಿಯ ದೇಶಗಳಲ್ಲಿ ನೇಯ್ದ ಬಟ್ಟೆ ಅಮೆರಿಕದ ಅಂಗಡಿಗಳಲ್ಲಿ ತುಂಬಿತು. ಆದರೆ ಪರದೇಶದ ಕೂಲಿಯವನನ್ನಷ್ಟೇ ದೂರುವುದು ನ್ಯಾಯವಲ್ಲವೆಂದು ನಮಗನಿಸುತ್ತದೆ. 1997ರಲ್ಲಿ ಈ ಗಿರಣಿಗಳನ್ನು ಕೊಂಡ ಪಿಲ್ಲೋಟೆಕ್ಸ್ ಕಂಪನಿ ಮೈತುಂಬ ಸಾಲ ಮಾಡಿಕೊಂಡು 2000ದಲ್ಲೇ ದಿವಾಳಿ ಅರ್ಜಿ ಹಾಕಿತ್ತು. ಮುಂದೆ ಚೇತರಿಸಿಕೊಂಡಂತೆ ಕಂಡರೂ 2003ರ ಜುಲೈ 30ರಂದು ಎಲ್ಲ ಗಿರಣಿಗಳಿಗೂ ಬೀಗ ಬಿತ್ತು. ಆ ರಾಜ್ಯವೊಂದರಲ್ಲೇ ಸುಮಾರು 4,800 ಜನ ಕೆಲಸ ಕಳೆದುಕೊಂಡರು. ಒಂದೇ ಸಲ ಅಷ್ಟು ಜನರ ಕೆಲಸ ಹೋದದ್ದು ಆ ರಾಜ್ಯದ ಇತಿಹಾಸದಲ್ಲೇ ಇರಲಿಲ್ಲ.

ಸಂಬಳದೊಡನೆ ಆರೋಗ್ಯ ವಿಮೆಯೂ ಹೋಯಿತು. ಅಲ್ಲಿ ವಿಮೆಯಿಲ್ಲದೆ ಆಸ್ಪತ್ರೆ ಮೆಟ್ಟಿಲು ಹತ್ತುವುದು ಬಲು ದುಬಾರಿ. ಇನ್ನು ಬೇರೆ ಕೆಲಸ ಹುಡುಕಲು ಹೋದರೆ ಎಲ್ಲರೂ ಕೇಳಿದ್ದು ಹೈಸ್ಕೂಲು ಸರ್ಟಿಫಿಕೇಟು! ವಿದೇಶಿ ಪೈಪೋಟಿಯಿಂದ ಕೆಲಸ ಕಳೆದುಕೊಂಡವರಿಗೆ ಅಲ್ಲಿನ ಸರ್ಕಾರ ಓದಿನ ಖರ್ಚು ಕೊಡುವ ಯೋಜನೆಯಿತ್ತು. ಹತ್ತಾರು ವರ್ಷ ಮಗ್ಗದ ಮುಂದೆ ನಿಂತವರು ಹತ್ತಿರದ ಸಮುದಾಯ ಕಾಲೇಜಿಗೆ ಹೋಗಿ ಗಣಿತ, ಓದು, ಕಂಪ್ಯೂಟರ್ ಕಲಿಯಲು ಕುಳಿತರು. ವಯಸ್ಕರಿಗೆ ಅಕ್ಷರ ಕಲಿಸಿದ ನಮ್ಮಂಥ ಶಿಕ್ಷಕರಿಗೆ ಅದೆಷ್ಟು ಕಷ್ಟವೆಂಬುದು ಗೊತ್ತು. ಕಲಿತವರಿಗೂ ಹಳೆಯ ಸಂಬಳ ಸಿಗುವುದು ಸುಲಭವಿರಲಿಲ್ಲ.

2005ರ ಜನವರಿ 1ರಿಂದ ಬಟ್ಟೆ ಆಮದಿನ ಜಾಗತಿಕ ಕೋಟಾ ಪದ್ಧತಿಯೂ ಕೊನೆಗೊಂಡಿತು. ಭಾರತದ ಟವೆಲ್‌ಗಳಿಗೆ ಅಮೆರಿಕದ ಬಾಗಿಲು ಇನ್ನಷ್ಟು ತೆರೆಯಿತು. ಅಂದರೆ ಅವರ ನಷ್ಟದಲ್ಲಿ ನಮ್ಮ ದೇಶದ ಲಾಭವೂ ಸ್ವಲ್ಪ ಸೇರಿದೆ. ಹಾಗೆಂದು ನಾವು ಬೀಗುವಂತಿಲ್ಲ, ಸೊಲ್ಲಾಪುರದ ಹಳೆಯ ಗಿರಣಿಗಳೂ ಬಾಗಿಲು ಹಾಕಿದವುಗಳೇ.

ಕ್ಯಾನನ್ ಹೆಸರು ಮಾತ್ರ ಮಾರಾಟವಾಗಿ, ಬೇರೆ ದೇಶಗಳಲ್ಲಿ ತಯಾರಾದ ಟವೆಲ್‌ಗಳ ಮೇಲೆ ಕುಳಿತಿತು. ಗಿರಣಿ ಕೆಡವಿದ ಜಾಗದಲ್ಲಿ 2008ರಲ್ಲಿ ದೊಡ್ಡ ಸಂಶೋಧನಾ ಕೇಂದ್ರ ಆರಂಭವಾಯಿತು. ಅಲ್ಲಿನ ಪ್ರಯೋಗಾಲಯಗಳ ಕೆಲಸಕ್ಕೆ ಪದವಿ ಬೇಕು.