ಪಸೆಗೆ ಎಷ್ಟು ವಯಸ್ಸು?

ಹಳೆ ಮನೆಯೆಂದ ಮೇಲೆ ಗೋಡೆ ಪಸೆ ಹಿಡಿಯದೆ ಇರುತ್ತದೆಯೇ? ಕುದ್ರೋಳಿಯಲ್ಲಿ ಹಂಚಿನ ಮನೆಗಳ ರಿಪೇರಿಯ ಮಾತು ಬಂದಾಗಲೆಲ್ಲ ನಾನು ಕೇಳುವ ಪ್ರಶ್ನೆ ಇದು. ಪ್ರಶ್ನೆಯಂತೆ ಕಂಡರೂ ಇದೊಂದು ತೀರ್ಪು. ಮನೆಗೆ ವಯಸ್ಸಾಗಿದೆ, ಪಸೆ ಅದರ ಮುಪ್ಪಿನ ಕಾಯಿಲೆ; ಹೊರಗೋಡೆಗೆ ಸಿಮೆಂಟು ಮೆತ್ತಿ ಬಣ್ಣ ಬಳಿಯಬೇಕು, ಅದಾಗದಿದ್ದರೆ ಕೆಡವಬೇಕು. ಇತಿಹಾಸದ ವಿದ್ಯಾರ್ಥಿಯಾಗಿ ನನಗೆ ಅನುಮಾನವಿರುವುದು ಈ ತೀರ್ಪಿನ ಕಾಲಗಣನೆಯ ಮೇಲೆ. ಮನೆಗೂ ಪಸೆಗೂ ಒಂದೇ ವಯಸ್ಸಲ್ಲ. ಎಷ್ಟೋ ಮನೆಗಳಲ್ಲಿ ಪಸೆ ಮನೆಗಿಂತ ಎರಡು ತಲೆಮಾರು ಚಿಕ್ಕದು.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕುದ್ರೋಳಿಯ ಪಡುವಲಿಗೆ ಗುರುಪುರ ನದಿ, ಅದರಾಚೆ ಬೆಂಗ್ರೆಯ ಮರಳಿನ ಪಟ್ಟಿ, ಆಮೇಲೆ ಸಮುದ್ರ. ಮೇಲಿನಿಂದ ಮಳೆ, ಕೆಳಗಿನಿಂದ ನೆಲದ ನೀರು, ಪಕ್ಕದಿಂದ ಉಪ್ಪುಗಾಳಿ. ಇಲ್ಲಿ ಮನೆ ಕಟ್ಟಿದವರಿಗೆ ನೀರನ್ನು ಪೂರ್ತಿ ತಡೆಯಬಹುದೆಂಬ ಭ್ರಮೆ ಇರಲಿಲ್ಲ. ಬಂದ ನೀರು ಹೊರಟುಹೋಗಲು ದಾರಿ ಬಿಟ್ಟರು.

ಗೋಡೆ ಮುರಕಲ್ಲಿನದು. 1800ರಲ್ಲಿ ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಕಡಿಯುವಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಮೈತುಂಬ ತೂತುಗಳಿರುವುದರಿಂದ ಅದು ನೀರು ಹೀರುತ್ತದೆ. ಹಾಗಾಗಿ ಅದರ ಮೇಲಿನ ಗಾರೆ ಸುಣ್ಣದ್ದೇ ಆಗಿರಬೇಕಿತ್ತು. ಅಳಿವೆಯ ಚಿಪ್ಪುಗಳನ್ನು ಸುಟ್ಟು, ನೀರು ಹೊಯ್ದು ಅರಳಿಸಿ, ಹೊಯ್ಗೆಯೊಂದಿಗೆ ಕಲಸಿ ಬಳಿದ ಸುಣ್ಣ, ಗಾಳಿಯ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಚಿಪ್ಪಿನದೇ ದ್ರವ್ಯವಾಗುತ್ತದೆ. ಆಟಿಯಲ್ಲಿ ಗೋಡೆ ಕುಡಿದ ನೀರು ಬೇಸಗೆಯಲ್ಲಿ ಈ ಗಾರೆಯ ಮೂಲಕ ಆವಿಯಾಗಿ ಹೋಗುತ್ತಿತ್ತು.

ಮೂರನೆಯದು ಹಂಚು. ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. 1882ರಲ್ಲಿ ಕುದ್ರೋಳಿಯಲ್ಲಿ ಇನ್ನೊಂದು. ಮತಾಂತರಗೊಂಡು ಕುಲದ ಕಸುಬು ಕಳೆದುಕೊಂಡವರಿಗೆ ದುಡಿಮೆ ಒದಗಿಸುವುದು ಈ ಕೈಗಾರಿಕೆಗಳ ಒಂದು ಉದ್ದೇಶವಾಗಿತ್ತು. ಒಂದಕ್ಕೊಂದು ಬೆಸೆದುಕೊಳ್ಳುವ ಆ ಹಂಚಿನಿಂದಾಗಿ, ವರ್ಷ ವರ್ಷ ಮುಳಿಹುಲ್ಲು ಹೊದೆಸುವ ಕೆಲಸ ತಪ್ಪಿತು. ಸೂರು ಗೋಡೆಯಿಂದ ಸಾಕಷ್ಟು ಮುಂದೆ ಚಾಚಿ ಮಳೆಯನ್ನು ದೂರ ಚೆಲ್ಲಿತು. ಹಂಚಿನ ಮೇಲೆ ಅಚ್ಚೊತ್ತಿದ ‘1865’ ತೋರಿಸಿ ‘ನಮ್ಮ ಮನೆ ಆ ಕಾಲದ್ದು’ ಎನ್ನುವವರಿದ್ದಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಮನೆ ಹುಟ್ಟಿದ ವರ್ಷವಲ್ಲ. ಮನೆಯ ವಯಸ್ಸನ್ನೇ ಇಷ್ಟು ಸುಲಭವಾಗಿ ತಪ್ಪಾಗಿ ಓದುವಾಗ ಪಸೆಯ ವಯಸ್ಸು ತಪ್ಪುವುದರಲ್ಲಿ ಆಶ್ಚರ್ಯವಿಲ್ಲ.

ಈ ಮೂರರ ಹಿಂದೆ ನಾಲ್ಕನೆಯದೊಂದಿತ್ತು: ಕೆಲಸ. ಮಳೆಗಾಲಕ್ಕೆ ಮುಂಚೆ ಮಾಡಿಗೆ ಹತ್ತಿ ಒಡೆದ ಹಂಚು ಬದಲಿಸಬೇಕು, ಗಾಳಿಮಳೆ ಬಡಿಯುವ ಪಡುಗೋಡೆಗೆ ಮಡಲಿನ ತಟ್ಟಿ ಕಟ್ಟಬೇಕು, ಮಳೆ ಮುಗಿದ ಮೇಲೆ ಸುಣ್ಣ ಬಳಿಯಬೇಕು. ‘ಆಗ ಮನೆಗಳು ಗಟ್ಟಿಯಾಗಿದ್ದವು’ ಎಂದು ಹೇಳುವಾಗ ಈ ಕೂಲಿಯನ್ನು, ಮನೆ ಹೆಂಗಸರ ದುಡಿಮೆಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಿಮೆಂಟು ಬಂದದ್ದು ಈ ದುಡಿಮೆಯಿಂದ ಬಿಡುಗಡೆ ಕೊಡುವ ಭರವಸೆಯಾಗಿ. ಪೋರ್ಟ್‌ಲ್ಯಾಂಡ್ ಸಿಮೆಂಟಿನ ಪೇಟೆಂಟ್ 1824ರದ್ದು. ಆದರೆ ಭಾರತದಲ್ಲಿ ಅದು ಬಹುಕಾಲ ಸರ್ಕಾರಿ ಹತೋಟಿಯ ಸರಕು, ಪರ್ಮಿಟ್ಟಿಗೆ ಕಾಯಬೇಕಿದ್ದ ವಸ್ತು. 1982ರಲ್ಲಿ ನಿಯಂತ್ರಣ ಭಾಗಶಃ ಸಡಿಲಿತು, 1989ರಲ್ಲಿ ಪೂರ್ತಿ ಹೋಯಿತು. ಅದೇ ದಶಕಗಳಲ್ಲಿ ಕೊಲ್ಲಿ ದೇಶಗಳ ಸಂಪಾದನೆಯೂ ಕರಾವಳಿಗೆ ಬರುತ್ತಿತ್ತು. ಒಮ್ಮೆ ಹಾಕಿದರೆ ಮತ್ತೆ ನೋಡಬೇಕಿಲ್ಲ ಎಂಬ ನಂಬಿಕೆಯಲ್ಲಿ ಸುಣ್ಣದ ಗಾರೆ ಕೆತ್ತಿ ಸಿಮೆಂಟು ಬಳಿದರು.

ಆದರೆ ನೆಲದ ನೀರು ಏರುವುದನ್ನು ನಿಲ್ಲಿಸಲಿಲ್ಲ. ಹೊರಗೆ ಹೋಗುವ ದಾರಿ ಮುಚ್ಚಿದಾಗ ಅದು ಗೋಡೆಯೊಳಗೆ ಇನ್ನೂ ಮೇಲೇರಿ ಒಳಕೋಣೆಯ ಕಡೆ ಒಸರತೊಡಗಿತು. ನೀರು ಹೊತ್ತು ತಂದ ಉಪ್ಪು ಗಾರೆಯ ಹಿಂದೆ ಹರಳುಗಟ್ಟಿ ಮುರಕಲ್ಲನ್ನು ಪುಡಿಮಾಡುತ್ತದೆ. ಕೊನೆಗೆ ಸಿಮೆಂಟೇ ಹಲಗೆ ಹಲಗೆಯಾಗಿ ಕಳಚುತ್ತದೆ. ಕಳಚಿದ್ದಕ್ಕೆ ಪರಿಹಾರವೆಂದು ಇನ್ನೂ ದಪ್ಪ ಸಿಮೆಂಟು, ಅದರ ಮೇಲೆ ನೀರು ನುಸುಳದ ಬಣ್ಣ. ಇತ್ತ ರಸ್ತೆಗಳೂ ಎತ್ತರವಾಗಿವೆ. ಪದರದ ಮೇಲೆ ಪದರ ಬಿದ್ದು ಎಷ್ಟೋ ಜಗಲಿಗಳ ಕೆಳಗಿನ ಮೆಟ್ಟಿಲು ಹೂತುಹೋಗಿದೆ. ಪಂಚಾಂಗದ ಮೇಲೆ ಚಿಮ್ಮಬೇಕಿದ್ದ ಬೀದಿಯ ನೀರು ಈಗ ನೇರ ಗೋಡೆಗೆ ಚಿಮ್ಮುತ್ತದೆ.

ನಾನು ಬಾಡಿಗೆಗಿರುವ ಮನೆಯ ಯಜಮಾನಿಗೆ ಎಪ್ಪತ್ತು ದಾಟಿದೆ. ಹೊರಗೋಡೆ ನೋಡಲು ಬಂದ ಗುತ್ತಿಗೆದಾರರಿಬ್ಬರೂ ಸಿಮೆಂಟು ಮತ್ತು ಬಣ್ಣಕ್ಕೇ ಲೆಕ್ಕ ಬರೆದುಕೊಟ್ಟರು. ‘ಇಷ್ಟು ಸುರಿಯುವ ಬದಲು ಕೊಟ್ಟುಬಿಡಿ’ ಎಂದು ಮೂರನೆಯವರೊಬ್ಬರು ಜಾಗಕ್ಕೆ ಬೆಲೆ ಹೇಳಿಹೋದರು. ರೋಗದ ಇತಿಹಾಸ ಯಾರೂ ಕೇಳಲಿಲ್ಲ. ಕೇಳಿದ್ದರೆ ಅವರೇ ಹೇಳುತ್ತಿದ್ದರು: ಮದುವೆಯಾಗಿ ಬಂದಾಗ ಚಾವಡಿಯ ಗೋಡೆಗೆ ಚಾಪೆ ಒರಗಿಸಿಟ್ಟರೆ ಬೂಷ್ಟು ಹಿಡಿಯುತ್ತಿರಲಿಲ್ಲ. ಹೊರಗೆ ಸಿಮೆಂಟು ಹಾಕಿಸಿದ ಮೇಲಿನ ಎರಡನೇ ಮಳೆಗಾಲಕ್ಕೆ ಹಿಡಿಯಿತು. ಕಾಗದಪತ್ರಗಳಲ್ಲಿ ನಾನು ಹುಡುಕುವ ಬಗೆಯ ಪುರಾವೆ ಅವರ ಈ ಮಾತಿನಲ್ಲೇ ಇದೆ.

ಹೊಸ ಮುಖದ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ದೇವಸ್ಥಾನಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಬಿಲ್ಲವರು ತಮ್ಮದೇ ಕ್ಷೇತ್ರ ಕಟ್ಟಿದರು. 1912ರಲ್ಲಿ ನಾರಾಯಣ ಗುರುಗಳು ಗೋಕರ್ಣನಾಥನ ಪ್ರತಿಷ್ಠೆ ಮಾಡಿದರು. ಕೇರಳ ಶೈಲಿಯ ಆ ದೇಗುಲ ನವೀಕರಣಗೊಂಡು 1991ರಲ್ಲಿ ಚೋಳ ಶೈಲಿಯ ಗೋಪುರದೊಂದಿಗೆ ಎದ್ದು ನಿಂತಿತು. ಬೀದಿಯ ಕಡೆಗಿನ ಮುಖ ಮರ್ಯಾದೆಯ ವಿಷಯ ಎಂಬುದು ಕುದ್ರೋಳಿಗೆ ಚೆನ್ನಾಗಿ ಗೊತ್ತು. ಮನೆಗಳವರೂ ಸಿಮೆಂಟಿನಲ್ಲಿ ಬಯಸಿದ್ದು ಆ ಮರ್ಯಾದೆಯನ್ನೇ. ತಾರಸಿ ಮನೆಗಳ ನಡುವೆ ಸುಣ್ಣದ ಗೋಡೆ ಬಡತನದ ಗುರುತಾಗಿಬಿಟ್ಟಿತ್ತು.

ಹಾಗಾದರೆ ಇಂಥ ಮನೆಯ ಹೊರಮೈಯನ್ನು ಸರಿಪಡಿಸುವುದು ಹೇಗೆ? ಬಣ್ಣ ಕೊನೆಗೆ. ಮೊದಲು ಮಾಡು ಮತ್ತು ಸೂರಿನ ದೋಣಿ. ಆಮೇಲೆ ಗೋಡೆಯ ಬುಡದ ಕಾಂಕ್ರೀಟು ತೆಗೆದು ನೀರಿಗೆ ಹರಿಯಲು ಚರಂಡಿ. ಬಳಿಕ ಸಿಮೆಂಟು ಕೆತ್ತಿ ಕಲ್ಲನ್ನು ಬರಿಮೈ ಬಿಟ್ಟು, ಮೇಲೆ ಕಾಣುವ ಉಪ್ಪನ್ನು ಒಣಗಿದಂತೆ ಗುಡಿಸುವುದು. ಕಡೆಗೆ ತೆಳು ಪದರಗಳಲ್ಲಿ ಸುಣ್ಣದ ಗಾರೆ, ಬೇಗ ಒಣಗಿ ಬಿರಿಯದಂತೆ ನೀರು ಚಿಮುಕಿಸುತ್ತ. ಇದಕ್ಕೆ ಸುಣ್ಣ ಬಲ್ಲ ಕೈ ಬೇಕು, ಅದು ಕಡಿಮೆಯಾಗುತ್ತಿದೆ. ಕೆಲವು ವರ್ಷಗಳಿಗೊಮ್ಮೆ ಮತ್ತೆ ಸುಣ್ಣ ಬಳಿಯುವ ಖರ್ಚನ್ನೂ ಒಪ್ಪಿಕೊಳ್ಳಬೇಕು.

ಎಲ್ಲಕ್ಕಿಂತ ಕಷ್ಟದ್ದು ಕಾಯುವುದು. ನಲವತ್ತು ವರ್ಷ ನೀರು ಕಟ್ಟಿಟ್ಟುಕೊಂಡ ಗೋಡೆ ವಾರದಲ್ಲಿ ಒಣಗದು. ಕಡಿಮೆಯೆಂದರೂ ಒಂದು ಪೂರ್ತಿ ಬೇಸಗೆ ಬೇಕು. ಅಷ್ಟು ಕಾಲ ಮನೆ ಬೀದಿಗೆ ಕೆಂಪು ಕೆಂಪಾಗಿ, ಅರ್ಧ ಕೆಡವಿದಂತೆ ಕಾಣುತ್ತದೆ. ನಮ್ಮ ಯಜಮಾನಿ ಈ ನವೆಂಬರಿನಲ್ಲಿ ಪಡುಗೋಡೆಯೊಂದನ್ನು ಮಾತ್ರ ಕೆತ್ತಿಸಲು ಒಪ್ಪಿದ್ದಾರೆ. ಉಳಿದದ್ದು ಅದು ಒಣಗುವುದನ್ನು ನೋಡಿದ ಮೇಲೆ.