ಪೇಟಿ ಮಾಸ್ತರರ ಎಡಗೈ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗೋ ಹಬ್ಬಕ್ಕೋ ಒಂದು ನಾಟಕ ಆಡಬೇಕೆಂದರೆ ಊರ ಹುಡುಗರು ಮೊದಲು ಹುಡುಕುವುದು ಪೇಟಿ ಮಾಸ್ತರರನ್ನು. ಪೇಟಿ ಎಂದರೆ ಹಾರ್ಮೋನಿಯಂ. ಅದನ್ನು ಬಾರಿಸುವುದಷ್ಟೇ ಮಾಸ್ತರರ ಕೆಲಸವಲ್ಲ. ಪಾತ್ರ ಹಂಚುವುದು, ಮಾತು ಕಲಿಸುವುದು, ಹಾಡಿನ ಮಟ್ಟು ಕೂರಿಸುವುದು, ತಿಂಗಳುಗಟ್ಟಲೆ ತಾಲೀಮು ನಡೆಸುವುದು ಎಲ್ಲವೂ ಅವರ ಪಾಲಿಗೇ. ನಾಟಕದ ರಾತ್ರಿ ಮಾತು ಮರೆತವನನ್ನು ಒಂದು ಸ್ವರ ಹಿಡಿದು ಎಚ್ಚರಿಸುವವರೂ ಅವರೇ.

ಒಬ್ಬ ಮಾಸ್ತರರ ಆಯುಷ್ಯದಲ್ಲಿ ಈ ಪೇಟಿಯ ರೂಪ ಎರಡು ಮೂರು ಸಲ ಬದಲಾದದ್ದುಂಟು. ಕಾಲಿನಿಂದ ತುಳಿಯುವ ಪೇಟಿ ಹೋಗಿ ಕೈಪೇಟಿ ಬಂತು. ಕೈಪೇಟಿಯ ಪಕ್ಕದಲ್ಲಿ ಕೀಬೋರ್ಡು ಬಂದು ಕುಳಿತಿತು. ಮೂವತ್ತು ವರ್ಷ ಒಂದೇ ಬಗೆಯ ವಾದ್ಯಕ್ಕೆ ಪಳಗಿದ ಕೈ ಇನ್ನೊಂದು ಬಗೆಗೆ ಹೊರಳುವುದು ಸುಲಭದ ಮಾತಲ್ಲ. ಆ ಹೊರಳುವಿಕೆಯ ಇತಿಹಾಸವನ್ನು ಅರಿಯಬೇಕಾದರೆ ಮಾಸ್ತರರ ಎಡಗೈಯನ್ನು ಗಮನಿಸಬೇಕು.

ಪೇಟಿಗೂ ಮೊದಲು ಈ ಭಾಗದ ಬಯಲಾಟದಲ್ಲಿ ಮದ್ದಳೆ, ತಾಳಗಳ ಜೊತೆಗೆ ಇದ್ದದ್ದು ಮುಖವೀಣೆ. ಹೆಸರಿನಲ್ಲಿ ವೀಣೆ ಇದ್ದರೂ ಅದು ಊದುವ ವಾದ್ಯ. ಬೆಳಗಿನವರೆಗೆ ಅದನ್ನು ಊದಲು ಗಟ್ಟಿ ಉಸಿರು ಬೇಕು. ಊದುವವನಿಗೆ ಹಾಡಲು, ಮಾತು ಹೇಳಿಕೊಡಲು ಬಾಯಿ ಬಿಡುವಿರುವುದಿಲ್ಲ. ಹಾರ್ಮೋನಿಯಂ ಈ ಎರಡು ತೊಡಕನ್ನೂ ಒಮ್ಮೆಗೇ ಬಿಡಿಸಿತು. ಉಸಿರಿನ ಕೆಲಸವನ್ನು ತಿದಿ ವಹಿಸಿಕೊಂಡಿತು. ನುಡಿಸುವವನ ಬಾಯಿ ಹಾಡಿಗೆ ತೆರವಾಯಿತು.

ಈ ವಾದ್ಯ ಹುಟ್ಟಿದ್ದು ಯುರೋಪಿನಲ್ಲಿ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೇನ್ ಹಾರ್ಮೋನಿಯಂ ಹೆಸರಿನಲ್ಲಿ ಇದರ ಹಕ್ಕುಪತ್ರ ಪಡೆದ. ಪಾದ್ರಿಗಳು, ಅಧಿಕಾರಿಗಳ ಜೊತೆ ಭಾರತಕ್ಕೆ ಬಂದ ಪೇಟಿಗಳು ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತುಳಿದು ನುಡಿಸುವಂಥವು. ನೆಲದ ಮೇಲೆ ಕುಳಿತು ಹಾಡುವ ನಮ್ಮ ಪದ್ಧತಿಗೆ ಒಗ್ಗುವಂತೆ ಇದನ್ನು ಚಿಕ್ಕದು ಮಾಡಿ, ತಿದಿಯನ್ನು ಹಿಂಬದಿಗೆ ಜೋಡಿಸಿ ಕೈಪೇಟಿ ಮಾಡಿದ ಕೀರ್ತಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರಿಗೆ ಸಲ್ಲುತ್ತದೆ. 1875ರಲ್ಲಿ ಆರಂಭವಾದ ಅವರ ಡ್ವಾರ್ಕಿನ್ ಸಂಸ್ಥೆ ಪೇಟಿಯ ವ್ಯಾಪಾರದಲ್ಲಿ ಹೆಸರು ಮಾಡಿತು.

ಆದರೆ ವೃತ್ತಿ ನಾಟಕ ಕಂಪನಿಗಳು ಬಹುಕಾಲ ಕಾಲುಪೇಟಿಯನ್ನೇ ಹಿಡಿದುಕೊಂಡವು. 1880ರಲ್ಲಿ ಪುಣೆಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ ಶಾಕುಂತಲ ರಂಗಕ್ಕೆ ಬಂದ ಮೇಲೆ ಮರಾಠಿ ಸಂಗೀತ ನಾಟಕದ ಗಾಳಿ ಉತ್ತರ ಕರ್ನಾಟಕಕ್ಕೆಲ್ಲ ಬೀಸಿತು. ಗದುಗಿನ ಗರೂಡ ಸದಾಶಿವರಾಯರ ಕಂಪನಿಯಂಥ ಕನ್ನಡ ಮೇಳಗಳು ಎದ್ದವು. ತುಂಗಭದ್ರೆಯ ಆಚೆ ದಡ ಗದಗ ಸೀಮೆ, ಈಚೆ ದಡ ಹಡಗಲಿ. 1953ರವರೆಗೆ ಬಳ್ಳಾರಿ ಜಿಲ್ಲೆ ಮದ್ರಾಸ್ ಆಡಳಿತದಲ್ಲಿದ್ದರೂ ಹಾಡು, ನಾಟಕಗಳಿಗೆ ಹೊಳೆ ಅಡ್ಡಬರಲಿಲ್ಲ.

ಕಾಲುಪೇಟಿಯ ಗುಣ ಎರಡು. ಮೊದಲನೆಯದು ಗಟ್ಟಿ ದನಿ. ಮೈಕು ಇಲ್ಲದ ಕಾಲದಲ್ಲಿ ತಗಡಿನ ಥಿಯೇಟರಿನ ಕೊನೆಯ ಸಾಲಿಗೂ ಅದು ಕೇಳಬೇಕಿತ್ತು. ಎರಡನೆಯದು ಎರಡೂ ಕೈಗಳ ಸ್ವಾತಂತ್ರ್ಯ. ಗಾಳಿಯ ಹೊಣೆ ಪಾದಗಳದ್ದಾದ್ದರಿಂದ ಬಲಗೈ ಹಾಡಿನ ಬೆನ್ನು ಹತ್ತಿದರೆ ಎಡಗೈ ಮಂದ್ರದಲ್ಲಿ ಆಧಾರ ಸ್ವರ ಹಿಡಿಯಬಹುದು, ಇಲ್ಲವೇ ಅದೇ ಸ್ವರಗಳನ್ನು ಕೆಳಸ್ಥಾಯಿಯಲ್ಲಿ ಬಾರಿಸಬಹುದು. ಹಾಡಿಗೆ ತಳಪಾಯ ಹಾಕುವ ಕೆಲಸ ಎಡಗೈಯದು.

ವಿದ್ಯುತ್ತು, ಮೈಕುಗಳು ಹಳ್ಳಿಗೆ ಬಂದಾಗ ಈ ಲೆಕ್ಕ ತಪ್ಪಿತು. ಗಟ್ಟಿ ದನಿಯ ಅವಶ್ಯಕತೆ ತಗ್ಗಿತು. ಕಾಲುಪೇಟಿಯ ಭಾರ ಮಾತ್ರ ಉಳಿಯಿತು. ಇವತ್ತು ಉಜ್ಜಿನಿ, ನಾಳೆ ಮೈಲಾರ ಎಂದು ಬಸ್ಸಿನಲ್ಲಿ ತಿರುಗುವ ಮಾಸ್ತರರಿಗೆ ಒಂದು ಕೈಯಲ್ಲಿ ಎತ್ತಿಕೊಳ್ಳಬಹುದಾದ ಪೆಟ್ಟಿಗೆ ಬೇಕು. ವಯಸ್ಸಾದ ಮೊಣಕಾಲಿಗೆ ರಾತ್ರಿಯಿಡೀ ತುಳಿಯುವ ಕೆಲಸ ಬೇಡ. ಹೀಗೆ ಕೈಪೇಟಿ ಗೆದ್ದಿತು. ಗೆದ್ದರೂ ಅದು ಒಂದು ಬೆಲೆ ಕೇಳಿತು: ಎಡಗೈ ಸ್ವರಗಳಿಂದ ದೂರವಾಗಿ ತಿದಿಗೆ ಸೇರಿತು. ಬಾರಿಸುವ ಕೈ ಗಾಳಿ ಹಾಕುವ ಕೈಯಾಯಿತು.

ಕಳೆದುಹೋದ ಮಂದ್ರವನ್ನು ತುಂಬಲು ಪೇಟಿ ಮಾಡುವವರಲ್ಲಿ ಒಂದು ಉಪಾಯವಿತ್ತು. ಪೇಟಿಯೊಳಗೆ ದನಿ ಹೊರಡಿಸುವವು ತೆಳುವಾದ ಹಿತ್ತಾಳೆಯ ನಾಲಿಗೆಗಳು, ಅಂದರೆ ರೀಡುಗಳು. ಒಂದು ಸಾಲಿನ ಬದಲು ಎರಡು ಸಾಲು ಜೋಡಿಸಿ, ಒಂದನ್ನು ಕೆಳಸ್ಥಾಯಿಯ ಖರ್ಜದ ಸಾಲಾಗಿಸಿದರೆ ಬಲಗೈಯ ಒಂದೇ ಬೆರಳಿಗೆ ಎರಡು ಸ್ಥಾಯಿ ನುಡಿಯುತ್ತವೆ. ಮೂರು ಸಾಲಿನ ಪೇಟಿಗಳೂ ಉಂಟು. ಹೊಸ ಪೇಟಿ ಕೊಳ್ಳುವ ಮಾಸ್ತರರು ಇಲ್ಲಿ ತೂಗಿ ನೋಡಬೇಕು. ಸಾಲು ಹೆಚ್ಚಿದಷ್ಟೂ ದನಿ ತುಂಬಿಬರುತ್ತದೆ, ಗಾಳಿ ಹೆಚ್ಚು ಬೇಡುತ್ತದೆ, ತೂಕವೂ ಏರುತ್ತದೆ. ಹದಿಹರೆಯದಲ್ಲಿ ಮೂರು ಸಾಲು ಬಯಸಿದವರು ಮುಪ್ಪಿನಲ್ಲಿ ಎರಡಕ್ಕೆ ಇಳಿದರೆ ಆಶ್ಚರ್ಯವಿಲ್ಲ.

ಶ್ರುತಿಯ ತೊಡಕು ಬೇರೆ. ಗಂಡಸರೇ ಹೆಣ್ಣುಪಾತ್ರ ಮಾಡುತ್ತಿದ್ದಾಗ, ಮೈಕಿಲ್ಲದೆ ಕೂಗಿ ಹಾಡುತ್ತಿದ್ದಾಗ ಒಂದು ಶ್ರುತಿ ಎಲ್ಲರಿಗೂ ನಡೆಯುತ್ತಿತ್ತು. ಮುಂದೆ ಹೆಣ್ಣುಪಾತ್ರಕ್ಕೆ ವೃತ್ತಿ ಕಲಾವಿದೆಯರು ಬಂದರು. ರಂಗಕಲಾವಿದೆಯರಿಗೆ ಹೆಸರಾದ ಮರಿಯಮ್ಮನಹಳ್ಳಿ ಈ ತಾಲ್ಲೂಕುಗಳಿಗೆ ನೆರೆಯ ಊರೇ. ನಾಯಕನ ಹಾಡು ಕರಿ ಒಂದರಲ್ಲಿ, ನಾಯಕಿಯದು ಕರಿ ನಾಲ್ಕರಲ್ಲಿ ಎಂದಾದಾಗ ಮಾಸ್ತರರು ಒಂದೇ ಮಟ್ಟನ್ನು ಎರಡು ಬೆರಳೋಟದಲ್ಲಿ ಸಾಧಿಸಬೇಕಾಯಿತು. ಮನೆಗಳ ಹಲಗೆಯನ್ನೇ ಅತ್ತಿತ್ತ ಸರಿಸುವ ಸ್ಕೇಲ್ ಚೇಂಜರ್ ಪೇಟಿ ಈ ಕಷ್ಟವನ್ನು ಹಗುರ ಮಾಡಿತು. ಎಲ್ಲ ಶ್ರುತಿಗಳಲ್ಲೂ ಬೆರಳು ಪಳಗಿಸಿದವರಿಗೆ ಅದು ಸೋಮಾರಿಗಳ ಪೇಟಿಯಂತೆ ಕಂಡಿದ್ದರೆ ಅದೂ ಸಹಜವೇ.

ಇಷ್ಟಾದರೂ ಪಂಡಿತರ ಸಭೆಯಲ್ಲಿ ಪೇಟಿಗೆ ಮರ್ಯಾದೆ ಕಡಿಮೆಯೇ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು, ಗಮಕ ಅದರಲ್ಲಿ ಬಾರದು. ಅದರ ಸ್ವರಸ್ಥಾನಗಳು ಪಶ್ಚಿಮದ ಸಮ ಹಂಚಿಕೆಯವು ಎಂಬುದು ಆಕ್ಷೇಪ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿತು; 1971ರವರೆಗೆ ಬಾಗಿಲು ತೆರೆಯಲಿಲ್ಲ, ತೆರೆದಾಗಲೂ ಪೂರ್ತಿ ತೆರೆಯಲಿಲ್ಲ. ಆ ಮೂವತ್ತು ವರ್ಷವೂ ಹಳ್ಳಿಯ ರಂಗದಲ್ಲಿ ಪೇಟಿಯದೇ ದರಬಾರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಅಂಧರಿಗೆ, ಬಡವರಿಗೆ ಸಂಗೀತ ಕಲಿಸಿದರು. ನಾಟಕ ಕಂಪನಿಯನ್ನೂ ಕಟ್ಟಿದರು. ಅಲ್ಲಿ ಕಲಿತ ಎಷ್ಟೋ ಮಂದಿಗೆ ಪೇಟಿ ಅನ್ನದ ದಾರಿಯಾಯಿತು. ಧಾರವಾಡದ ವಸಂತ ಕನಕಾಪುರರಂಥವರು ಅದನ್ನು ಸಂಗೀತ ಕಛೇರಿಯಲ್ಲಿ ಮೆರೆಸಿದರು.

ಕೊನೆಗೆ ಬಂದದ್ದು ಕೀಬೋರ್ಡು. ಹಳ್ಳಿಯಲ್ಲಿ ಅದು ಯಾವ ಕಂಪನಿಯದಾದರೂ ಹೆಸರು ಕ್ಯಾಸಿಯೋ. ನಾಟಕದ ಪೋಸ್ಟರಿನಲ್ಲಿ ಪೇಟಿಯವರ ಕೆಳಗೆ ಕ್ಯಾಸಿಯೋದವರ, ರಿದಂ ಪ್ಯಾಡಿನವರ ಹೆಸರೂ ಅಚ್ಚಾಗತೊಡಗಿತು. ಗುಂಡಿ ಒತ್ತಿದರೆ ಶ್ರುತಿ ಬದಲು, ಇನ್ನೊಂದು ಒತ್ತಿದರೆ ಕೊಳಲು, ಪಿಟೀಲು. ತಿದಿ ಇಲ್ಲದ್ದರಿಂದ ಎಡಗೈ ಮತ್ತೆ ಮನೆಗಳ ಮೇಲೆ ಬಂತು. ಕಾಲುಪೇಟಿಯಲ್ಲಿ ಕಳಚಿದ ಮಂದ್ರದ ಕೆಲಸ ಅದಕ್ಕೆ ಮರಳಿ ಸಿಕ್ಕಿತು. ಆದರೆ ಅಷ್ಟರಲ್ಲಿ ಆ ಎಡಗೈ ಬೇರೊಂದು ವಿದ್ಯೆ ಕಲಿತಿತ್ತು. ಶೋಕದ ಹಾಡಿಗೆ ತಿದಿಯನ್ನು ಮೆಲ್ಲಗೆ ಒತ್ತುವುದು, ಆವೇಶದ ಮಾತಿಗೆ ಒಮ್ಮೆಲೇ ಗಾಳಿ ತುಂಬುವುದು, ನಟ ಉಸಿರು ತೆಗೆದುಕೊಳ್ಳುವಾಗ ದನಿಯನ್ನು ತಗ್ಗಿಸುವುದು — ಇವೆಲ್ಲ ತಿದಿಯ ಮೇಲಿನ ಎಡಗೈ ವರ್ಷಗಟ್ಟಲೆ ಗಳಿಸಿದ ಸೂಕ್ಷ್ಮ. ಗಾಳಿಯಿಲ್ಲದ ವಾದ್ಯದಲ್ಲಿ ಅದಕ್ಕೆ ಎಡೆಯಿಲ್ಲ.

ಆದ್ದರಿಂದ ಹಿರಿಯ ಮಾಸ್ತರರು ಹೊಸ ಬಗೆಯ ಪೇಟಿಯನ್ನು ಆರಿಸಿಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಯಾವುದು ದೊಡ್ಡದು, ಯಾವುದು ಹೊಸದು ಎಂಬುದಲ್ಲ. ಕೈಗೆ ಈಗಾಗಲೇ ಬಂದಿರುವ ವಿದ್ಯೆಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಮೈಯ ಅನುಕೂಲಕ್ಕಾಗಿ ಯಾವುದನ್ನು ಬಿಡಬಹುದು ಎಂಬುದು. ಹಳ್ಳಿಯ ಎಷ್ಟೋ ರಂಗಮಂಚಗಳು ಇದಕ್ಕೆ ಕಂಡುಕೊಂಡ ದಾರಿ ಸರಳವಾದದ್ದು: ಕೀಬೋರ್ಡು ಕಿರಿಯರಿಗೆ, ತಿದಿಯ ಪೇಟಿ ಮಾಸ್ತರರಿಗೆ. ಅಬ್ಬರ ಅದರದು, ಉಸಿರು ಇದರದು. ಎರಡನ್ನೂ ಒಟ್ಟಿಗೆ ನಡೆಸುವುದು ಖರ್ಚಿನ ಬಾಬು. ಹಣ ಸಾಲದೆ ಒಂದನ್ನೇ ಗೊತ್ತುಮಾಡುವ ಊರು ಮಾಸ್ತರರನ್ನು ಬಿಟ್ಟರೆ ವಾದ್ಯದ ಜೊತೆಗೆ ತಾಲೀಮು ನಡೆಸುವ ಗುರುವನ್ನೂ ಬಿಟ್ಟಂತಾಗುತ್ತದೆ ಎಂಬುದನ್ನು ಮರೆಯಬಾರದು.