ಕಿರಣಕ್ಕೊಂದು ಬಾಣದ ಗುರುತು

ಮಾರ್ಚಿ ತಿಂಗಳು ಹತ್ತಿರವಾಯಿತೆಂದರೆ ಕಾಟನ್‌ಪೇಟೆಯ ಮನೆಗಳಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯದೇ ಮಾತು. ಅರಳೆಯ ವ್ಯಾಪಾರದಿಂದ ಹೆಸರು ಪಡೆದ ಈ ಪೇಟೆಯಲ್ಲಿ ಹಗಲು ಹೊತ್ತು ಓದಿಗೆ ಅಷ್ಟೇನೂ ಅನುಕೂಲವಿಲ್ಲ. ಸರಕು ಇಳಿಸುವ ಗಾಡಿಗಳ ಸದ್ದು ಅಡಗಿದ ಮೇಲೆಯೇ ಮಕ್ಕಳು ಪುಸ್ತಕ ತೆರೆಯುವುದು. ಬೆಳಕಿನ ಪಾಠದ ಪುಟವನ್ನು ಮನೆಯ ಹಿರಿಯರು ಒಂದು ಗಳಿಗೆ ಬಗ್ಗಿ ನೋಡಿದರೆ ಅವರಿಗೂ ಪರಿಚಯದ ಚಿತ್ರವೇ ಕಾಣುತ್ತದೆ. ನಡುವೆ ಒಂದು ಮಸೂರ, ಎಡಕ್ಕೆ ಉರಿಯುವ ಮೇಣದ ಬತ್ತಿ, ಅಲ್ಲಿಂದ ಹೊರಟ ಎರಡು ಗೆರೆ, ಆ ಗೆರೆಗಳ ಮೇಲೆ ಪುಟ್ಟ ಬಾಣದ ಗುರುತು. ಗೆರೆ ಸರಿಯಾಗಿದ್ದರೂ ಬಾಣ ಮರೆತರೆ ಅಂಕ ಹೋಯಿತೆಂದು ಉಪಾಧ್ಯಾಯರು ಎಚ್ಚರಿಸುತ್ತಾರೆ. ಮಕ್ಕಳಿಗೆ ಇದೊಂದು ಕಿರುಕುಳವೆಂದು ತೋರುವುದು ಸಹಜವೇ. ಆದರೆ, ಓದುಗರೇ, ಆ ಬಾಣದ ಮೊನೆ ಯಾವ ಕಡೆಗಿರಬೇಕೆಂಬುದು ಇತ್ಯರ್ಥವಾಗಲು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ನಮ್ಮ ಮಾತನ್ನೇ ಗಮನಿಸಿ. ‘ಕಣ್ಣು ಹಾಯಿಸಿದೆ’ ಎನ್ನುತ್ತೇವೆ. ‘ನೋಟ ಬೀರಿದಳು’ ಎನ್ನುತ್ತೇವೆ. ಕೂಸು ಹಟ ಹಿಡಿದರೆ ದೃಷ್ಟಿ ತಾಗಿತೆಂದು ನಿವಾಳಿಸುತ್ತೇವೆ. ಕಣ್ಣಿನಿಂದ ಏನೋ ಹೊರಟು ಎದುರಿನ ವಸ್ತುವನ್ನು ಮುಟ್ಟುತ್ತದೆಂಬ ಭಾವನೆ ಈ ಎಲ್ಲ ಮಾತಿನ ಒಳಗೂ ಕುಳಿತಿದೆ. ನಮ್ಮ ನೈಯಾಯಿಕರು ಇದನ್ನು ಶಾಸ್ತ್ರವಾಗಿಯೇ ಸಾಧಿಸಿದ್ದರು. ಕಣ್ಣು ತೇಜಸ್ಸಿನಿಂದ ಆದದ್ದು, ಅದರ ಕಿರಣ ಹೊರಗೆ ಹೋಗಿ ವಸ್ತುವನ್ನು ಸೇರಿದಾಗಲೇ ಕಾಣುವುದು ಎಂಬುದು ಅವರ ಮತ. ಸಾಕ್ಷಿ ಏನೆಂದರೆ, ರಾತ್ರಿ ತಿರುಗುವ ಪ್ರಾಣಿಗಳ ಕಣ್ಣಿನ ಹೊಳಪನ್ನು ತೋರಿಸುತ್ತಿದ್ದರು. ಮಾಳಿಗೆಯ ಮೇಲೆ ಬೆಕ್ಕಿನ ಕಣ್ಣು ಹೊಳೆಯುವುದನ್ನು ಕಂಡ ಯಾರಿಗಾದರೂ ಈ ವಾದ ಹಿಡಿಸೀತು. ಅದು ಬೆಕ್ಕಿನ ಸ್ವಂತ ಬೆಳಕಲ್ಲ, ಹೊರಗಿನ ಬೆಳಕು ಅದರ ಕಣ್ಣಿನ ಹಿಂಬದಿಯ ಪೊರೆಯಿಂದ ಮರಳಿ ಬರುವುದೆಂದು ಈಗ ತಿಳಿದಿದೆ. ಬೌದ್ಧರೂ ಜೈನರೂ ಮಾತ್ರ ಕಣ್ಣು ವಸ್ತುವನ್ನು ಹೋಗಿ ಮುಟ್ಟುವುದಿಲ್ಲವೆಂದೇ ಹಟ ಹಿಡಿದರು.

ಗ್ರೀಕರಲ್ಲಿಯೂ ಇದೇ ಕಥೆ. ಕ್ರಿಸ್ತಪೂರ್ವ ೩೦೦ರ ಸುಮಾರಿನ ಯೂಕ್ಲಿಡ್ ಕಣ್ಣಿನಿಂದ ನೇರ ಗೆರೆಗಳು ಹೊರಡುತ್ತವೆಂದು ಇಟ್ಟುಕೊಂಡೇ ದೃಷ್ಟಿಯ ರೇಖಾಗಣಿತವನ್ನು ಕಟ್ಟಿದ. ಆಶ್ಚರ್ಯವೆಂದರೆ ಅವನ ಲೆಕ್ಕಗಳು ಬಹುಪಾಲು ಸರಿಯಾಗಿಯೇ ಬಂದವು. ಬೆಳಕು ಯಾವ ದಾರಿಯಲ್ಲಿ ಬಂತೋ ಅದೇ ದಾರಿಯಲ್ಲಿ ಹಿಂದಿರುಗಬಲ್ಲದು. ಆದ್ದರಿಂದ ಬಾಣವನ್ನು ತಿರುವಿ ಹಾಕಿದರೂ ಗೆರೆ ಬದಲಾಗದು. ಗೆರೆ ಸರಿಯಿದ್ದದ್ದರಿಂದಲೇ ತಪ್ಪು ಬಾಣ ಅಷ್ಟು ಕಾಲ ಬಾಳಿತು ಎಂದು ನನಗೆ ತೋರುತ್ತದೆ. ಅದನ್ನು ತಿರುಗಿಸಿದವನು ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲಸಿದ ಇಬ್ನ್ ಅಲ್ ಹೈತಮ್. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಬರೆದ ತನ್ನ ದೊಡ್ಡ ಗ್ರಂಥದಲ್ಲಿ ಅವನು ಎತ್ತಿದ ಆಕ್ಷೇಪ ಸರಳವಾದದ್ದು. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ. ಕಣ್ಣಿನಿಂದ ಹೊರಡುವುದಾಗಿದ್ದರೆ ಕಣ್ಣಿಗೇಕೆ ನೋವು? ಒಳಗೆ ಬರುವುದರಿಂದಲೇ ನೋವು.

ಇನ್ನು ಪಾಠದ ಎರಡನೆಯ ಕಂಟಕ, ವಕ್ರೀಭವನ. ಅಡುಗೆಮನೆಯಿಂದ ಒಂದು ಬೋಗುಣಿ ತಂದು ತಳದಲ್ಲಿ ನಾಣ್ಯವಿಟ್ಟು, ಅಂಚು ಅಡ್ಡವಾಗಿ ನಾಣ್ಯ ಮರೆಯಾಗುವವರೆಗೂ ಹಿಂದೆ ಸರಿಯಿರಿ. ಮತ್ತೊಬ್ಬರು ಮೆಲ್ಲಗೆ ನೀರು ಹೊಯ್ದರೆ ನಾಣ್ಯ ಮೇಲೆದ್ದು ಕಾಣುತ್ತದೆ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಇದೇ ಪ್ರಯೋಗವನ್ನು ವರ್ಣಿಸಿದ್ದಾನೆ. ಅಷ್ಟಕ್ಕೇ ನಿಲ್ಲದೆ ಡಿಗ್ರಿಗಳನ್ನು ಗುರುತಿಸಿದ ಹಿತ್ತಾಳೆಯ ಫಲಕವನ್ನು ನೀರಿನಲ್ಲಿ ಅರ್ಧ ಮುಳುಗಿಸಿ ಕೋನಗಳನ್ನು ಅಳೆದ. ಗಾಳಿಯಲ್ಲಿ ೧೦ ಡಿಗ್ರಿಯಾದರೆ ನೀರಿನಲ್ಲಿ ೮, ೨೦ಕ್ಕೆ ಹದಿನೈದೂವರೆ, ೩೦ಕ್ಕೆ ಇಪ್ಪತ್ತೆರಡೂವರೆ, ಹೀಗೆ ೬೦ಕ್ಕೆ ನಲವತ್ತೂವರೆ, ೮೦ಕ್ಕೆ ೫೦. ಅರುವತ್ತರ ಅಳತೆ ಇಂದಿನ ಲೆಕ್ಕಕ್ಕೂ ಸರಿಹೋಗುತ್ತದೆ. ಆದರೆ ಪಟ್ಟಿಯನ್ನು ಸ್ವಲ್ಪ ಅನುಮಾನದಿಂದ ನೋಡಿ. ಪ್ರತಿ ಹೆಜ್ಜೆಗೂ ಏರಿಕೆ ೮, ಏಳೂವರೆ, ೭, ಆರೂವರೆ ಎಂದು ಸರಿಯಾಗಿ ಅರ್ಧರ್ಧ ಡಿಗ್ರಿ ಇಳಿಯುತ್ತ ಹೋಗುತ್ತದೆ. ನಿಜವಾದ ಅಳತೆ ಇಷ್ಟು ಅಚ್ಚುಕಟ್ಟಾಗಿ ಬರುವುದುಂಟೇ? ಎಂಬತ್ತಕ್ಕೆ ಬರಬೇಕಾದದ್ದು ೫೦ ಅಲ್ಲ, ಸುಮಾರು ನಲವತ್ತೇಳೂವರೆ. ಮಹಾನುಭಾವ ತನ್ನ ಅಂಕಿಗಳನ್ನು ಒಂದು ಲೆಕ್ಕಕ್ಕೆ ಹೊಂದಿಸಿಕೊಂಡಿದ್ದಾನೆಂಬುದರಲ್ಲಿ ಸಂಶಯವಿಲ್ಲ. ಪ್ರಯೋಗದ ಪುಸ್ತಕದಲ್ಲಿ ಉತ್ತರಕ್ಕೆ ತಕ್ಕಂತೆ ಅಳತೆ ತಿದ್ದುವ ಹುಡುಗರಿಗೆ ಇಷ್ಟು ಹಳೆಯ ಹಿರಿಯನೊಬ್ಬನಿದ್ದಾನೆಂಬುದನ್ನು ಅವರಿಗೆ ಹೇಳದಿರುವುದೇ ಲೇಸು.

ನಿಜವಾದ ನಿಯಮ ಕೋನಗಳಲ್ಲಿರಲಿಲ್ಲ, ಅವುಗಳ ಸೈನ್‌ಗಳಲ್ಲಿತ್ತು. ಗಾಳಿಯಲ್ಲಿನ ಕೋನದ ಸೈನನ್ನು ನೀರಿನಲ್ಲಿನ ಕೋನದ ಸೈನಿನಿಂದ ಭಾಗಿಸಿದರೆ ಯಾವಾಗಲೂ ೧.೩೩ರ ಸುಮಾರು. ಬಾಗ್ದಾದಿನ ಇಬ್ನ್ ಸಹ್ಲ್ ೯೮೪ರ ವೇಳೆಗೆ ಇದಕ್ಕೆ ಸಮನಾದ ರೇಖಾಗಣಿತವನ್ನು ಬರೆದಿಟ್ಟಿದ್ದ. ೧೬೨೧ರಲ್ಲಿ ಹಾಲೆಂಡಿನ ಸ್ನೆಲ್ ಕಂಡುಕೊಂಡರೂ ಅಚ್ಚು ಮಾಡಿಸಲಿಲ್ಲ. ೧೬೩೭ರಲ್ಲಿ ಫ್ರಾನ್ಸಿನ ಡೆಕಾರ್ಟ್ ಪ್ರಕಟಿಸಿದ. ಪರೀಕ್ಷೆಯಲ್ಲಿ ಸ್ನೆಲ್ ಎಂದು ಬರೆದರೇ ಅಂಕ.

ಈ ನಡುವೆ ೧೬೦೪ರಲ್ಲಿ ಕೆಪ್ಲರ್ ಇನ್ನೊಂದು ಗಂಟನ್ನು ಬಿಡಿಸಿದ್ದ. ಕಣ್ಣಿನೊಳಗಿನ ಮಸೂರವೇ ನೋಡುವ ಅಂಗವೆಂದು ಅಲ್ಲಿಯವರೆಗೆ ವೈದ್ಯರು ಬಗೆದಿದ್ದರು. ಅದು ಕಿರಣಗಳನ್ನು ಕೂಡಿಸಿಕೊಡುವ ಸಾಧನವಷ್ಟೆ, ಬಿಂಬ ಬೀಳುವುದು ಹಿಂದಿನ ಪರದೆಯ ಮೇಲೆ, ಅದೂ ತಲೆಕೆಳಗಾಗಿ ಎಂದು ಅವನು ತೋರಿಸಿಕೊಟ್ಟ. ಕಾಟನ್‌ಪೇಟೆಯ ಅಜ್ಜಂದಿರು ಪೊರೆ ತೆಗೆಸಿಕೊಳ್ಳಲು ಹೋಗುವ ಮಿಂಟೋ ಕಣ್ಣಿನ ಆಸ್ಪತ್ರೆ ೧೮೯೬ರಿಂದ ಇದೆ. ಅಲ್ಲಿ ಮಸುಕಾದ ಮಸೂರವನ್ನು ತೆಗೆದು ಬೇರೊಂದನ್ನು ಇಡುತ್ತಾರೆ. ಲಂಡನ್ನಿನ ಹೆರಾಲ್ಡ್ ರಿಡ್ಲಿ ೧೯೪೯ರಲ್ಲಿ ಮೊದಲು ಮಾಡಿದ ಕೆಲಸ ಅದು. ಮಸೂರವೇ ನೋಡುವ ಅಂಗವಾಗಿದ್ದಿದ್ದರೆ ಈ ಬದಲಾವಣೆ ನಡೆಯುತ್ತಿತ್ತೇ?

ಇಷ್ಟು ದೂರದಿಂದ ಬಂದ ವಿದ್ಯೆ ಕನ್ನಡಕ್ಕೆ ಇಳಿದ ಬಗೆಯನ್ನು ಹೇಳಬೇಕು. ಕಾಟನ್‌ಪೇಟೆಯಿಂದ ನಡೆದೇ ಹೋಗಬಹುದಾದ ಸೆಂಟ್ರಲ್ ಕಾಲೇಜಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು. ಹುಟ್ಟಿದ್ದು ೧೮೭೨ರಲ್ಲಿ. ಪಾಠವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದ ಆ ಕಾಲದಲ್ಲಿ, ೧೯೧೮ರಲ್ಲಿ, ಅವರು ನಂಗಪುರಂ ವೆಂಕಟೇಶಯ್ಯಂಗಾರ್ಯರ ಜೊತೆಗೂಡಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯಿಂದ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಾಳಿದ್ದು ಎರಡೇ ವರ್ಷ. ಆದರೂ ಭೌತಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದೆಂಬ ಧೈರ್ಯ ಅಲ್ಲಿಂದ ಬಂತು. ಇದೇ ಮಹನೀಯರು ಮುಂದೆ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿಕೊಟ್ಟರು (೧೯೩೧). ಹಳಗನ್ನಡ ಬಲ್ಲ ಭೌತಶಾಸ್ತ್ರಜ್ಞರು ನಮಗೆ ಹೆಚ್ಚು ಮಂದಿ ಸಿಕ್ಕಲಿಲ್ಲ. ಅದೇ ಕಾಲೇಜಿನಲ್ಲಿ ೧೯೨೮ರ ಮಾರ್ಚಿ ೧೬ರಂದು ಸಿ. ವಿ. ರಾಮನ್ನರು ತಮ್ಮ ಹೊಸ ಶೋಧದ ವಿಷಯವಾಗಿ ಉಪನ್ಯಾಸ ಮಾಡಿದರು. ಅದು ನೇರ ಗೆರೆಗಳ ರೇಖಾಗಣಿತಕ್ಕೆ ನಿಲುಕದ ಬೆಳಕು.

ಪಾರಿಭಾಷಿಕ ಶಬ್ದಗಳಲ್ಲಿ ಕೆಲವು ಬಹು ಸೊಗಸಾಗಿವೆ. ಲ್ಯಾಟಿನ್ನಿನಲ್ಲಿ ‘ಲೆನ್ಸ್’ ಎಂದರೆ ಒಂದು ಬಗೆಯ ಬೇಳೆಕಾಳು, ನಾವು ಚನ್ನಂಗಿಬೇಳೆ ಎನ್ನುವುದು. ಎರಡೂ ಮಗ್ಗುಲು ಉಬ್ಬಿದ ಗಾಜು ಆ ಕಾಳನ್ನು ಹೋಲುವುದರಿಂದ ಆ ಹೆಸರು. ಮಸೂರವೆಂದರೂ ಅದೇ ಕಾಳು. ‘ಪೀನ’ವೆಂದರೆ ಉಬ್ಬಿದ್ದು, ‘ನಿಮ್ನ’ವೆಂದರೆ ತಗ್ಗಾದದ್ದು. ಉಬ್ಬುಗನ್ನಡಿ, ತಗ್ಗುಗನ್ನಡಿ ಎಂದೇ ಪಾಠದಲ್ಲಿ ಇಟ್ಟಿದ್ದರೆ ಮಕ್ಕಳು ನಿಮ್ನವನ್ನೂ ಪೀನವನ್ನೂ ಅದಲುಬದಲು ಮಾಡುತ್ತಿರಲಿಲ್ಲ. ಇದು ನನ್ನ ಹಳೆಯ ತಕರಾರು. ಅದಿರಲಿ. ಇದಕ್ಕಿಂತ ದೊಡ್ಡ ಸಂಕಟ ಬೇರೆ ಇದೆ. ಕನ್ನಡ ಮಾಧ್ಯಮದಲ್ಲಿ ಮಸೂರ, ಸಂಗಮದೂರ, ಮಿಥ್ಯಬಿಂಬಗಳನ್ನು ಕಷ್ಟಪಟ್ಟು ಕಲಿತ ಮಗು ಎರಡೇ ತಿಂಗಳಲ್ಲಿ ಪಿಯುಸಿ ವಿಜ್ಞಾನದ ತರಗತಿಗೆ ಹೋಗಿ ಕೂತಾಗ ಬಹುಮಟ್ಟಿಗೆ ಎಲ್ಲವೂ ಇಂಗ್ಲಿಷಿನಲ್ಲಿ. ತಿಳಿದ ವಿಷಯವೇ ಗುರುತು ಸಿಕ್ಕದ ವೇಷದಲ್ಲಿ ಎದುರು ನಿಲ್ಲುತ್ತದೆ. ತನಗೆ ಬುದ್ಧಿ ಸಾಲದೆಂದು ಮಗು ತಿಳಿದುಕೊಳ್ಳುತ್ತದೆ. ಬೆಳ್ಳಾವೆಯವರು ತೊಡಗಿದ ಕೆಲಸ ನಿಂತ ಜಾಗ ಇದು. ಎರಡು ಭಾಷೆಯ ಹೆಸರುಗಳನ್ನೂ ಅಕ್ಕಪಕ್ಕದಲ್ಲಿ ಬರೆದುಕೊಳ್ಳುವ ಅಭ್ಯಾಸವನ್ನು ಈಗಿನಿಂದಲೇ ಮಾಡಿಸುವುದು ಮನೆಯವರಿಂದಲೂ ಆಗುವ ಕೆಲಸ.

ಮನೆಯವರು ಲೆಕ್ಕ ಹೇಳಿಕೊಡಲು ಕೂತರೆ ಮಾತ್ರ ಒಂದು ಜಗಳ ಕಾದಿರುತ್ತದೆ. ಸಂಗಮದೂರ ೧೦ ಸೆಂಟಿಮೀಟರಿನ ಪೀನ ಮಸೂರ, ೧೫ ಸೆಂಟಿಮೀಟರಿನಲ್ಲಿ ಮೇಣದ ಬತ್ತಿ, ಬಿಂಬ ಎಲ್ಲಿ? ಹಳೆಯ ಪುಸ್ತಕಗಳಲ್ಲಿ ಸತ್ಯಬಿಂಬದ ದೂರ ಧನ, ಮಿಥ್ಯಬಿಂಬದ ದೂರ ಋಣ ಎಂಬ ಕಟ್ಟಳೆಯಿತ್ತು. ಅದರಂತೆ ಕಲಿತ ಅಜ್ಜ ಹದಿನೈದನೆಯ ಒಂದು ಭಾಗಕ್ಕೆ ಮೂವತ್ತನೆಯ ಒಂದು ಭಾಗವನ್ನು ಕೂಡಿಸಿ ಹತ್ತನೆಯ ಒಂದು ಭಾಗ ತೋರಿಸುತ್ತಾರೆ. ಈಗಿನ ಪುಸ್ತಕದಲ್ಲಿ ಡೆಕಾರ್ಟನ ಹೆಸರಿನ ಕಟ್ಟಳೆ. ದೂರಗಳನ್ನು ಮಸೂರದಿಂದ ಅಳೆಯಬೇಕು, ಬೆಳಕು ಸಾಗುವ ದಿಕ್ಕಿಗೆ ಧನ, ಅದಕ್ಕೆ ಎದುರಾಗಿ ಋಣ. ಬತ್ತಿಯ ದೂರ ಋಣ ೧೫ ಆಯಿತು, ಸೂತ್ರದಲ್ಲಿ ಕೂಡುವ ಚಿಹ್ನೆಯ ಜಾಗಕ್ಕೆ ಕಳೆಯುವ ಚಿಹ್ನೆ ಬಂತು. ಮೊಮ್ಮಗಳು ಹೀಗೆ ಮಾಡಿದರೂ ಉತ್ತರ ಅದೇ ೩೦. ಇಬ್ಬರೂ ಸರಿ. ಒಂದರ ಸೂತ್ರಕ್ಕೆ ಇನ್ನೊಂದರ ಚಿಹ್ನೆ ಬೆರಸಿದಾಗಲೇ ಅನಾಹುತ. ಪರೀಕ್ಷೆ ಮುಗಿಯುವವರೆಗೆ ಅಜ್ಜ ತಮ್ಮ ಸೂತ್ರವನ್ನು ಮಡಿಚಿಡಬೇಕಾಗುತ್ತದೆ.

ಅದರ ಬದಲು ತಮ್ಮ ಚಾಳೀಸನ್ನು ಅರ್ಧ ಗಂಟೆ ಮೊಮ್ಮಗಳಿಗೆ ಕೊಡಲಿ. ನಂಬರು ಎರಡೆಂದು ಇಟ್ಟುಕೊಳ್ಳಿ. ಹಗಲಿನಲ್ಲಿ ಒಂದು ಕಿಟಕಿಯನ್ನು ಮಾತ್ರ ತೆರೆದು, ಎದುರಿನ ಗೋಡೆಗೆ ಬಿಳಿಯ ಕಾಗದ ಅಂಟಿಸಿ, ಕನ್ನಡಕವನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತ ಹೋದರೆ ಬೀದಿಯ ಆಚೆಯ ಅಂಗಡಿಯ ಹಲಗೆ ಬಣ್ಣಸಮೇತ ತಲೆಕೆಳಗಾಗಿ ಕಾಗದದ ಮೇಲೆ ಮೂಡುತ್ತದೆ. ಗಾಜಿನಿಂದ ಕಾಗದಕ್ಕೆ ಅಡಿಕೋಲು ಹಿಡಿದರೆ ೫೦ ಸೆಂಟಿಮೀಟರಿನ ಸುಮಾರು. ಬೀದಿ ಕಿರಿದಾಗಿದ್ದರೆ ಇನ್ನು ನಾಲ್ಕಾರು ಸೆಂಟಿಮೀಟರು ಹೆಚ್ಚು. ಬಂದ ಅಂಕಿಯನ್ನು ತಿದ್ದದೆ ಹಾಗೆಯೇ ಬರೆದುಕೊಂಡು, ಕಿಟಕಿಯಿಂದ ಕಾಗದದ ಕಡೆಗೆ ಬಾಣ ಹಾಕಿದರೆ ಆಯಿತು.